ನೇರಳೆ ಪಟ್ಟಿ ಹಳದಿಯಾದದ್ದು

ನನ್ನ ಬಾಯಿ ಬೊಂಬಾಯಿ ಎಂದು ನಮ್ಮವ್ವ ಸಾಯುವವರೆಗೂ ಬೈಯುತ್ತಿದ್ದಳು. ಆಕೆ ಬೈದದ್ದು ಸಾಲಲಿಲ್ಲ ಎಂದು ಈಗ ಅನಿಸುತ್ತದೆ. ಶಹಾಬಾದದಲ್ಲಿ ವಾಡಿ ರಸ್ತೆಗೆ ಹತ್ತಿಕೊಂಡು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆಗಳ ಒಂದು ಸಾಲು ಇತ್ತು. ಇವತ್ತು ಇಲ್ಲ. ಯಾಕಿಲ್ಲ ಎಂದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಪೇಟೆಗೆ ಟೈಲ್ಸ್ ಬಂದವು ಅನ್ನುತ್ತಾರೆ, ಖಣಿಯಲ್ಲಿ ಒಳ್ಳೆಯ ಕಲ್ಲು ಮುಗಿಯಿತು ಅನ್ನುತ್ತಾರೆ, ಸರ್ಕಾರಕ್ಕೆ ನಮ್ಮ ಕಡೆಯ ಮೇಲೆ ಕಣ್ಣಿಲ್ಲ ಅನ್ನುತ್ತಾರೆ. ಎಲ್ಲವೂ ಸ್ವಲ್ಪ ಸ್ವಲ್ಪ ಖರೆ. ಆದರೆ ಊರಿನ ನಕ್ಷೆಯಿಂದ ಆ ಜಾಗ ಅಳಿಸಿಹೋದದ್ದು ನಾನು ಒಂದು ಮಧ್ಯಾಹ್ನ ಆಡಿದ ನಾಲ್ಕು ಮಾತಿನಿಂದ. ಇದನ್ನು ಇಲ್ಲಿಯವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಆ ಸಾಲಿನ ಮೊದಲ ಗೇಟು ನಾನಿದ್ದ ಕಾರ್ಖಾನೆಯದು. ಅಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಚೀಟಿ ಬರೆದೆ. ಖಣಿಯಿಂದ ಟ್ರ್ಯಾಕ್ಟರಿನಲ್ಲಿ ಒರಟು ಪರಸಿ ಬರುತ್ತಿತ್ತು. ಅಂಚು ಕೊಯ್ದು, ಪಾಲಿಶ್ ಹಿಡಿದು, ಒರೆಸಿ, ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದರು. ಯಾವ ಲಾರಿಗೆ ಯಾವ ಅಳತೆಯ ಕಲ್ಲು ಏರಿತು ಎಂದು ನಾನು ಬರೆದುಕೊಡುತ್ತಿದ್ದೆ. ನನ್ನ ಅಕ್ಕ ಅದೇ ಕಾರ್ಖಾನೆಯಲ್ಲಿ ಮಷೀನಿನ ಬಾಯಿಗೆ ನೀರು ಹಾಕುವವಳು. ದಿನವಿಡೀ ಕಲ್ಲಿನ ರಾಡಿಯಲ್ಲಿ ನಿಂತು ಅವಳ ಕಾಲಿನ ಬೆರಳ ಸಂದುಗಳು ಬೆಳ್ಳಗೆ ಸತ್ತುಹೋಗಿದ್ದವು. ಭಾವ ತೀರಿಕೊಂಡ ಮೇಲೆ ಅಕ್ಕ, ಅವಳ ಮಗಳು, ನಾನು, ಮೂವರೂ ಒಂದೇ ಮನೆಯಲ್ಲಿ ಇದ್ದೆವು. ನನಗೆ ಮದುವೆಯಾಗಲಿಲ್ಲ. ಬಾಯಿ ಕಾರಣ ಅನ್ನುತ್ತಾರೆ, ಇರಬಹುದು.

ನಮ್ಮ ಕೆಲಸ ನಡೆಯುತ್ತಿತ್ತು ನಿಜ, ಆದರೆ ಕಾಯದೆ ಪ್ರಕಾರ ನಡೆಯುತ್ತಿರಲಿಲ್ಲ. ಪಾಲಿಶ್ ಮಾಡಿದ ರಾಡಿ ನೀರನ್ನು ಹೊಂಡದಲ್ಲಿ ತಿಳಿಯಾಗಿಸಿ ಬಿಡಬೇಕು ಎಂಬ ನಿಯಮವಿತ್ತು. ನಮ್ಮ ಸಾಲಿನಲ್ಲಿ ಒಬ್ಬನೂ ಹೊಂಡ ಕಟ್ಟಿಸಿರಲಿಲ್ಲ. ಎಲ್ಲರ ರಾಡಿಯೂ ಹಿಂದಿನ ಹಳ್ಳಕ್ಕೆ. ಹಾಗಾಗಿ ಮಾಲಿನ್ಯದ ಸಾಹೇಬರು ಯಾವಾಗ ಬರುತ್ತಾರೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆವು. ರಸ್ತೆಯ ತಿರುವಿನಲ್ಲಿ ಚಹಾದಂಗಡಿ ಇತ್ತು. ಬಿಳಿ ಜೀಪು ಕಂಡ ಕೂಡಲೇ ಚಹಾದವನು ಫೋನು ಮಾಡಿ “ಬೀಗರು ಬಂದ್ರು” ಅನ್ನುತ್ತಿದ್ದ. ಅಷ್ಟು ಸಾಕು. ಮಷೀನು ಬಂದ್. ಹಸಿ ನೆಲದ ಮೇಲೆ ಒಣಗಿದ ಕಲ್ಲಿನ ಪುಡಿ ಎರಚುವುದು, ಬೆಲ್ಟಿನ ಮೇಲೆ, ಮೋಟಾರಿನ ಮೇಲೆ, ಎಲ್ಲ ಕಡೆ. ಆ ಪುಡಿ ಬಿದ್ದರೆ ಹೊಸ ಮಷೀನೂ ಹತ್ತು ವರ್ಷದಿಂದ ಮುಟ್ಟದ ಹಾಗೆ ಕಾಣುತ್ತದೆ. ಹಿಂದಿನ ಬಾಗಿಲಿನಿಂದ ಆಳುಗಳು ಹೊರಗೆ. ಕೊಯ್ಯುವ ಶೆಡ್ಡಿನಲ್ಲಿ ಚಹಾದವನ ಎಮ್ಮೆ ತಂದು ಕಟ್ಟಿ, ಮುಂದೆ ಒಂದು ಹಿಡಿ ಕಣಿಕೆ ಚೆಲ್ಲಿ, ಹಗ್ಗಕ್ಕೆ ಎರಡು ಹಳೆಯ ಸೀರೆ ಒಣಹಾಕಿದರೆ ಮುಗಿಯಿತು. ಈ ನಾಟಕ ನಮಗೆ ಎಷ್ಟು ಪಳಗಿತ್ತೆಂದರೆ ಎಮ್ಮೆಗೂ ಅಭ್ಯಾಸವಾಗಿ ಹೋಗಿತ್ತು, ಹಗ್ಗ ಬಿಚ್ಚಿದರೆ ತಾನೇ ಶೆಡ್ಡಿಗೆ ನಡೆಯುತ್ತಿತ್ತು. ಬಂದವರ ಜೊತೆ ಮಾತನಾಡುವ ಪಾತ್ರ ಮಾತ್ರ ಯಾವತ್ತೂ ನನ್ನದು.

ಆ ದಿನವೂ ಹಾಗೆಯೇ ಆಯಿತು. ಊಟ ಆಗಷ್ಟೇ ಮುಗಿದಿತ್ತು. ಬೀಗರು ಬಂದರು ಎಂದು ಫೋನು ಬಂತು. ಜೀಪು ನಮ್ಮ ಗೇಟಿಗೆ ಬರುವಷ್ಟರಲ್ಲಿ ಕಾರ್ಖಾನೆ ಹಾಳು ಬಿದ್ದಿತ್ತು. ಇಳಿದವರು ಇಬ್ಬರು, ವಯಸ್ಸು ಸಣ್ಣದು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಾಳೆಗಳ ಕಟ್ಟು. ಇವರು ದಿನದ ಬೀಗರಲ್ಲ ಎಂದು ನನಗೆ ತಿಳಿಯಬೇಕಿತ್ತು. ಮಾಲಿನ್ಯದವರು ಮೊದಲು ಹಳ್ಳಕ್ಕೆ ಹೋಗಿ ಬಾಟಲಿಗೆ ನೀರು ತುಂಬುತ್ತಾರೆ. ಇವರು ಹಳ್ಳದ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಎಲ್ಲಿಯ ವ್ಯವಧಾನ, ನಾನು ಆಗಲೇ ರಂಗದ ಮೇಲೆ ನಿಂತಿದ್ದೆ.

“ಇಲ್ಲಿ ಏನು ನಡೀತಿದೆ ಅಮ್ಮಾ?” ಎಂದು ಒಬ್ಬ ಕೇಳಿದ. ಮೈಸೂರು ಕಡೆಯ ಮಾತು.

“ಏನ್ ನಡೀತದರೀ ಸಾಹೇಬ್ರ, ಬಂದ್ ಬಿದ್ದು ಆರೇಳು ವರ್ಷ ಆತು. ನಾ ಎಮ್ಮಿ ಕಾಯಲಿಕತ್ತೀನಿ” ಎಂದೆ.

“ಪಕ್ಕದವು?”

“ಎಲ್ಲಾ ಅದೇ ಹಣೆಬಾರರೀ. ಈ ಸಾಲೇ ಸತ್ತದ.”

ಅವನು ಬರೆದುಕೊಂಡ. ನೋಡಲು ಒಳ್ಳೆಯ ಹುಡುಗ. ಪೆನ್ನು ಎತ್ತಿ, “ಮುಂದೆ ಮತ್ತೆ ಶುರು ಆಗಬಹುದಾ?” ಎಂದು ಕೇಳಿದ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಹಿಂದಿನ ಬಾಗಿಲಿನ ಮರೆಯಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದದ್ದು ಕಣ್ಣಿಗೆ ಬಿತ್ತು. ನೋಡುವವರಿದ್ದರೆ ನನಗೆ ಇನ್ನಷ್ಟು ಹುರುಪು.

“ಇಲ್ಲಿ ಇನ್ನೇನ್ ಶುರು ಆಗ್ತದರೀ! ಹಾವು ಚೇಳು ಬಿಟ್ರ ಏನೂ ಇಲ್ಲ. ನಾಕ್ ಮನಿ ಕಟ್ಟಿದ್ರ ಛಲೋ ಆಗ್ತದ ನೋಡ್ರಿ, ಬೆಳಕರ ಬರ್ತದ” ಎಂದೆ.

ಸಹಿ ಕೇಳಿದ. ಹತ್ತನೆಯವರೆಗೆ ಓದಿದವಳೆಂಬ ಜಂಬ ನನಗೆ. ಹೆಬ್ಬೆಟ್ಟಲ್ಲ, ಪೂರ್ತಿ ಹೆಸರು ಬರೆದು ಕೆಳಗೆ ಗೆರೆ ಎಳೆದೆ. ಅವರು ಮುಂದಿನ ಗೇಟುಗಳ ಮುಂದೆ ಜೀಪು ನಿಧಾನ ಮಾಡಿದರೇ ಹೊರತು ಇಳಿಯಲಿಲ್ಲ. ಅಲ್ಲಿಯೂ ಎಲ್ಲ ಬಂದಾಗಿತ್ತು, ನಾನು ಹೇಳಿದ್ದು ಸರಿಯಾಗಿಯೇ ಕಾಣಿಸಿತು. ಜೀಪು ಹೋದ ಮೇಲೆ ಎಲ್ಲರೂ ನನ್ನನ್ನು ಹೊಗಳಿದರು. ಚಹಾದವನು ನನಗೂ ಅಕ್ಕನಿಗೂ ಪುಕ್ಕಟೆ ಚಹಾ ಕೊಟ್ಟ. ಅವನ ಎಮ್ಮೆ ಆ ದಿನ ಶೆಡ್ಡಿನಲ್ಲಿಯೇ ಸೆಗಣಿ ಹಾಕಿದ್ದು ಎಲ್ಲರಿಗೂ ದೊಡ್ಡ ತಮಾಷೆಯಾಗಿತ್ತು.

ಅಕ್ಕನ ಮಗಳು ಆಗ ಕಲಬುರಗಿಯಲ್ಲಿ ಐಟಿಐ ಕಲಿಯುತ್ತಿದ್ದಳು. ಫಿಟ್ಟರ್ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ನಮ್ಮ ಮಾಲಕರಿಗೆ ಅವಳ ಮೇಲೆ ವಿಶ್ವಾಸ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿಕೊಟ್ಟರೆ ಅದರಂತೆ ಕಲ್ಲನ್ನು ಕೊರೆಯುವ ಮಷೀನು ಬಂದಿದೆ, ಅದನ್ನು ತರಿಸುತ್ತೇನೆ, ನಡೆಸುವವಳು ನೀನೇ ಎಂದು ಅವಳಿಗೆ ಹೇಳಿದ್ದರು. ಅವಳು ಚೌಕಳಿ ಹಾಳೆಯಲ್ಲಿ ಜಾಲಂದರ, ಬಳ್ಳಿ, ನವಿಲು, ದೇವರ ಮನೆಯ ಕಟ್ಟೆ, ಏನೇನೋ ಬರೆದು ಗೋಡೆಗೆ ಹಚ್ಚಿದ್ದಳು. ನಮ್ಮ ಬೂದು ಕಲ್ಲಿನಲ್ಲಿ ಅಂಥದ್ದು ಮಾಡಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾವು ಕಲ್ಲನ್ನು ಚೌಕ ಕೊಯ್ದು ನುಣುಪು ಮಾಡಿದವರು, ಅಷ್ಟೇ. ಅವಳು ಅದನ್ನು ಬಟ್ಟೆಯ ಹಾಗೆ ನೋಡುತ್ತಿದ್ದಳು. ಅಕ್ಕನಿಗೆ ಒಂದೇ ಆಸೆ. ಮಗಳು ರಾಡಿಯಲ್ಲಿ ನಿಲ್ಲಬಾರದು, ಒಣ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಕೆಲಸ ಮಾಡಬೇಕು, ಸಂಜೆ ಮನೆಗೆ ನಡೆದು ಬರಬೇಕು.

ನಡೆದು ಬರುವುದು ಎಷ್ಟು ದೊಡ್ಡ ಮಾತು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಾವು ಸಣ್ಣವರಿದ್ದಾಗ ಊರಿನ ಗಡಿಯಾರವೆಂದರೆ ದೊಡ್ಡ ಕಾರ್ಖಾನೆಗಳ ಭೋಂಗಾ, ಪಾಳಿಗೆ ಕೂಗುವ ಸೈರನ್ನು. ಒಂದೊಂದೇ ಭೋಂಗಾ ನಿಂತಿತು. ನಿಂತ ಮೇಲೆ ಜನ ಬೆಳಗಿನ ರೈಲುಗಾಡಿ ಹಿಡಿದು ವಾಡಿಗೆ, ಚಿತ್ತಾಪುರಕ್ಕೆ, ಸೇಡಂಗೆ ದುಡಿಯಲು ಹೋಗುವುದು ಶುರುವಾಯಿತು. ಹೋಗಿ ಬಂದು, ಹೋಗಿ ಬಂದು, ಕೊನೆಗೆ ಹಲವರು ಬರುವುದನ್ನೇ ಬಿಟ್ಟರು. ಊರಿನೊಳಗೆ ಕೈಗೆ ಕೆಲಸ ಎಂದು ಉಳಿದದ್ದು ನಮ್ಮ ಪರಸಿ ಸಾಲು ಮತ್ತು ಅಂಥ ಒಂದೆರಡು ತುಂಡು ಜಾಗ.

ಹುಡುಗಿ ಐಟಿಐ ಮುಗಿಸಿ ಬಂದ ವರ್ಷ ಮಾಲಕರು ಹೊಸ ಮಷೀನಿಗೆ ಹೆಚ್ಚಿನ ಕರೆಂಟು ಕೇಳಿ ಅರ್ಜಿ ಹಾಕಿದರು. ಅರ್ಜಿ ತಿರುಗಿ ಬಂತು. ಸದರಿ ಜಮೀನು ಪರಿಷ್ಕೃತ ಕರಡು ನಕ್ಷೆಯಲ್ಲಿ ವಸತಿ ಎಂದು ಇರುವುದರಿಂದ ಮಂಜೂರು ಮಾಡಲು ಬರುವುದಿಲ್ಲ ಎಂದು ಅದರ ಮೇಲೆ ಬರೆದಿತ್ತು. ನಮಗೆ ಯಾರಿಗೂ ತಲೆಬುಡ ತಿಳಿಯಲಿಲ್ಲ. ಹುಡುಗಿ ನಗರ ಯೋಜನೆಯ ಕಚೇರಿಗೆ ಹೋಗಿ ಗೋಡೆಯ ಮೇಲೆ ತೂಗುಹಾಕಿದ ನಕ್ಷೆಯ ಫೋಟೊ ತೆಗೆದುಕೊಂಡು ಬಂದಳು. ಫೋನನ್ನು ದೊಡ್ಡದು ಮಾಡಿ ತೋರಿಸಿದಳು. “ಇದು ಹಳಿ. ಇದು ವಾಡಿ ರಸ್ತಾ. ಹಳೇ ನಕಾಶಿಯೊಳಗ ನಮ್ಮ ಪಟ್ಟಿ ನೇರಳೆ ಬಣ್ಣ ಇತ್ತು, ಚಿಗವ್ವಾ. ನೇರಳೆ ಅಂದ್ರ ಕಾರ್ಖಾನಿ ಜಾಗ. ಈಗ ಹಳದಿ ಮಾಡ್ಯಾರ. ಹಳದಿ ಅಂದ್ರ ಮನಿ.” ಆಕ್ಷೇಪಣೆ ಹೇಳಲು ಇನ್ನೂ ದಿನಗಳಿದ್ದವು. ತಾನೇ ಕುಳಿತು ಬರೆದಳು, ನಮ್ಮ ಸಾಲಿನ ಆಳುಗಳ ಸಹಿ ಹೆಬ್ಬೆಟ್ಟು ಎಲ್ಲ ತೆಗೆದುಕೊಂಡಳು. ನನ್ನ ಸಹಿಯೂ ಅದರಲ್ಲಿತ್ತು. ಆಗಲೂ ನನಗೆ ಜೀಪಿನ ಹುಡುಗರ ನೆನಪು ಬರಲಿಲ್ಲ. ಸುಳ್ಳು ಹೇಳುವುದು ದಿನದ ಕೆಲಸವಾದರೆ ಯಾವ ಸುಳ್ಳನ್ನು ಯಾರಿಗೆ ಹೇಳಿದೆ ಎಂದು ಯಾರು ನೆನಪಿಡುತ್ತಾರೆ?

ವಿಚಾರಣೆಗೆ ಕರೆದ ದಿನ ಹುಡುಗಿ, ನಾನು, ಇಬ್ಬರೇ ಹೋದೆವು. ಮೇಜಿನ ಆ ಕಡೆ ಕುಳಿತಿದ್ದ ಅಧಿಕಾರಿ ವಯಸ್ಸಾದವರು, ಸಮಾಧಾನದ ಮನುಷ್ಯ. ಹುಡುಗಿ ಮಾತನಾಡಿದಳು. ಪಟ್ಟಿಯಲ್ಲಿ ಇಷ್ಟು ಕಾರ್ಖಾನೆ ನಡೆಯುತ್ತಿವೆ, ಇಷ್ಟು ಮಂದಿ ಬದುಕಿದ್ದೇವೆ, ಹೊಸ ಮಷೀನು ಬರುವುದಿದೆ ಎಂದಳು. ಅವರು ತಲೆಯಾಡಿಸುತ್ತ ಕೇಳಿದರು.

“ನೋಡಮ್ಮ, ನಿನ್ನ ಮಾತು ನನಗೆ ಅರ್ಥ ಆಗುತ್ತೆ” ಎಂದರು. “ಕೆಲಸಕ್ಕೆ ಅಂತ ಜಾಗ ಕಾದಿಡೋದು ಈ ನಕ್ಷೆಯಲ್ಲಿ ಮಾತ್ರ ಸಾಧ್ಯ. ಇವತ್ತು ಅಲ್ಲಿ ಏನೂ ಇಲ್ಲದಿದ್ದರೂ ಪರವಾಗಿಲ್ಲ, ಮುಂದೆ ಯಾರಾದರೂ ಬರ್ತಾರೆ ಅಂತ ಇಡ್ತೀವಿ. ಒಂದು ಸಲ ಮನೆ ಬಂದರೆ ಮುಗೀತು. ಪಕ್ಕದಲ್ಲಿ ಮಷೀನು ಹಾಕೋಕೆ ಯಾವ ಮನೆಯವರು ಬಿಡ್ತಾರೆ? ನೇರಳೆ ಹಳದಿ ಆಗುತ್ತೆ, ಹಳದಿ ತಿರುಗಿ ನೇರಳೆ ಆಗಿದ್ದು ನಾನು ನೋಡಿಲ್ಲ. ಆದರೆ ಅಲ್ಲಿನವರೇ ಬೇಡ ಅಂದ ಮೇಲೆ ನಾವೇನು ಮಾಡೋಣ?”

“ಯಾರು ಬ್ಯಾಡ ಅಂದಾರ್ರಿ?” ಎಂದಳು ಹುಡುಗಿ. ದನಿ ಏರಿತ್ತು.

ಅವರು ಕಡತದಿಂದ ನಕ್ಷೆಯ ಸರ್ವೆಗೆ ಬಂದವರು ಬರೆದ ಒಂದು ಹಾಳೆ ತೆಗೆದು ಅವಳ ಮುಂದೆ ಇಟ್ಟು, ನೀನೇ ಓದು ಎಂದರು. ಅವಳು ಗಟ್ಟಿಯಾಗಿ ಓದಿದಳು. “ಸದರಿ ಸ್ಥಳದಲ್ಲಿ ಕಳೆದ ಆರೇಳು ವರ್ಷಗಳಿಂದ ಯಾವುದೇ ಕೈಗಾರಿಕಾ ಚಟುವಟಿಕೆ ಇರುವುದಿಲ್ಲ. ಪ್ರಸ್ತುತ ಜಾನುವಾರು ಕಟ್ಟಲು ಬಳಕೆಯಾಗುತ್ತಿದೆ. ಅಕ್ಕಪಕ್ಕದ ಘಟಕಗಳೂ ಸ್ಥಗಿತಗೊಂಡಿರುತ್ತವೆ. ವಸತಿಗೆ ಸೂಕ್ತವೆಂದು ಸ್ಥಳದಲ್ಲಿದ್ದವರ ಅಭಿಪ್ರಾಯ.” ಕೆಳಗೆ ಸಹಿ ಇತ್ತು. ಸಹಿಯ ಕೆಳಗೆ ಗೆರೆ ಇತ್ತು. ಅವಳು ಅದನ್ನು ಓದಲಿಲ್ಲ. ಬೆರಳು ಅದರ ಮೇಲೆ ಒಂದು ಗಳಿಗೆ ನಿಂತಿತು, ಅಷ್ಟೇ. ನಲ್ಲಿಗೆ, ರೇಷನ್ ಕಾರ್ಡಿಗೆ, ಅಕ್ಕನ ವಿಧವಾ ವೇತನಕ್ಕೆ ಎಷ್ಟು ಕಚೇರಿಗಳ ಮುಂದೆ ನಿಂತು ಎಷ್ಟು ನಿಜ ಹೇಳಿದ್ದೆವು, ಯಾರೂ ನಂಬಿರಲಿಲ್ಲ. ಈ ಒಂದು ಸುಳ್ಳನ್ನು ಮಾತ್ರ ಸರ್ಕಾರ ಅಕ್ಷರ ಬಿಡದೆ ಬರೆದುಕೊಂಡು ಜೋಪಾನ ಮಾಡಿತ್ತು.

“ಅದು ನಾನೇರೀ” ಎಂದೆ. “ಮಾಲಿನ್ಯದವರು ಬಂದಾರಂತ ತಿಳದು ಸುಳ್ಳ ಹೇಳಿದೆ.”

ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ಹಾಗಾದರೆ ಅದನ್ನೇ ಬರೆದುಕೊಡಿ. ಕಾರ್ಖಾನೆ ಆಗಲೂ ನಡೀತಿತ್ತು, ಮುಚ್ಚಿಟ್ಟು ಹೇಳಿದೆ ಅಂತ. ಹೇಳಿದವರೇ ತಿದ್ದಿದರೆ ನಾನು ಮೇಲಕ್ಕೆ ಕಳಿಸ್ತೀನಿ, ಮತ್ತೆ ಅಳತೆಗೆ ಬರ್ತಾರೆ. ಹತ್ತು ದಿನ ಇದೆ” ಎಂದರು.

ಬರುವಾಗ ಟಂಟಂ ಆಟೋದಲ್ಲಿ ಹುಡುಗಿ ಫೋನಿನಲ್ಲಿ ನಕ್ಷೆಯ ಫೋಟೊ ತೆರೆದು ಕುಳಿತಳು. ನಾನು ಮಾತನಾಡಿದೆ, ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ. ಬರೆದುಕೊಡ್ತೀನಿ, ಅದರಾಗೇನದ ಎಂದೆ. ಅವಳು ಹೂಂ ಎಂದಳು.

ಮಾಲಕರಿಗೆ ಹೇಳಿದಾಗ ಅದರಾಗೇನದ ಎನ್ನುವುದು ತಿಳಿಯಿತು. “ಬರದುಕೊಡು. ಕದ್ದು ನಡಸ್ತಿದ್ವಿ ಅಂತ ನೀನೇ ಸಹಿ ಮಾಡಿಕೊಟ್ಟಂಗಾತು. ಆ ಕಾಗದ ಮಾಲಿನ್ಯದವರಿಗೆ ಮುಟ್ಟೂದು ಎಷ್ಟೊತ್ತು? ಒಂದೇ ಕಾರ್ಖಾನಿಗಲ್ಲ, ಇಡೀ ಸಾಲಿಗೆ ಬೀಗ ಬೀಳ್ತದ. ನಿನ್ನ ಖುಷಿ” ಎಂದರು.

ಹುಡುಗಿ ಅದಕ್ಕೂ ಉತ್ತರ ಯೋಚಿಸಿದ್ದಳು. ಬೀಗ ಬಿದ್ದರೆ ಬೀಳಲಿ, ಎಲ್ಲರೂ ಸೇರಿ ಒಂದು ಹೊಂಡ ಕಟ್ಟಿ ಪರವಾನಗಿ ತೆಗೆದುಕೊಂಡರೆ ಆರು ತಿಂಗಳಲ್ಲಿ ತೆಗೆಯುತ್ತಾರೆ, ಜಾಗ ಉಳಿಯುತ್ತದೆ ಎಂದಳು. ಮಾಲಕರು ನಕ್ಕರು. ಆ ನಗು ಯಾಕೆಂದು ಆಗ ತಿಳಿಯಲಿಲ್ಲ. ಹಳದಿಯಾದರೆ ಜಮೀನಿಗೆ ಸೈಟಿನ ಬೆಲೆ, ಅವರಿಗೆ ಕೇಡೇನೂ ಇರಲಿಲ್ಲ.

ಮರುದಿನ ಊಟದ ಹೊತ್ತಿಗೆ ಸಾಲಿನ ಆಳುಗಳೆಲ್ಲ ನಮ್ಮ ಕಾರ್ಖಾನೆಯ ಅಂಗಳದಲ್ಲಿ ಪರಸಿಯ ಮೇಲೆ ಕುಳಿತಿದ್ದರು. ರೊಟ್ಟಿಯ ಗಂಟು ಬಿಚ್ಚಿದ್ದರು, ಪುಂಡಿ ಪಲ್ಯದ ವಾಸನೆ ಇತ್ತು. ನಾನು ಎದ್ದು ನಿಂತು ಆದದ್ದನ್ನೆಲ್ಲ ಹೇಳಿ, ಏನ್ ಮಾಡಮು ಹೇಳ್ರಿ ಎಂದೆ. ಯಾರೂ ನನ್ನನ್ನು ಬೈಯಲಿಲ್ಲ. ಅದು ಇನ್ನೂ ಕಷ್ಟ. ಅಂಚು ಕೊಯ್ಯುವ ಮುದುಕ, ಚಿಂಚೋಳಿ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದವನು, ಬಾಯಿಯ ತುತ್ತು ನುಂಗಿ ಮಾತನಾಡಿದ. “ಆರು ತಿಂಗಳ ಬೀಗ ಅಂದ್ರ ಆರು ತಿಂಗಳ ಉಪಾಸ, ತಂಗಿ. ಮುಂದಿಂದು ಮುಂದ ನೋಡಮು. ಇವತ್ತಿಂದು ಉಳಸು.” ಹಲವರು ಹೌದು ಹೌದು ಎಂದರು. ನಾನು ಅಕ್ಕನ ಮುಖ ನೋಡಿದೆ. ಅವಳು ರೊಟ್ಟಿ ಮುರಿಯುತ್ತಲೇ, “ಎಲ್ಲಾರ ಹೊಟ್ಟಿ ಮ್ಯಾಲ ಕಾಲಿಟ್ಟು ನನ್ನ ಮಗಳಿಗೊಬ್ಬಾಕಿಗೆ ಮಷೀನ್ ಬ್ಯಾಡ” ಎಂದಳು. ಹುಡುಗಿ ಅಲ್ಲಿಯೇ ಇದ್ದಳು. ಅವಳಿಗೆ ಏನು ಬೇಕು ಎಂದು ನಾನು ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ.

ಒಂದೊಂದೇ ದಿನ ಕಳೆಯಿತು. ಪ್ರತಿದಿನ ಬೆಳಿಗ್ಗೆ ಬರೆದುಕೊಡಬೇಕು ಅನಿಸುತ್ತಿತ್ತು, ಮಷೀನು ಶುರುವಾದ ಸದ್ದು ಕೇಳಿದ ಕೂಡಲೇ ಬೇಡ ಅನಿಸುತ್ತಿತ್ತು. ಹತ್ತನೆಯ ದಿನ ಎಂದಿಗಿಂತ ಬೇಗ ಕಾರ್ಖಾನೆಗೆ ಹೋದೆ. ಸಂಜೆಯವರೆಗೆ ತಲೆ ಎತ್ತದೆ ಚೀಟಿ ಬರೆದೆ. ಕಚೇರಿ ಮುಚ್ಚುವ ಹೊತ್ತು ದಾಟಿದ ಮೇಲೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ, ಇಳಿಯಲಿಲ್ಲ. ಹೇಡಿತನ ಎಂಬ ಮಾತನ್ನು ನಾನು ಬೇರೆಯವರಿಗೆ ಬಹಳ ಸಲ ಬಳಸಿದ್ದೆ. ಅವತ್ತು ಅದರ ರುಚಿ ಗೊತ್ತಾಯಿತು.

ಇವತ್ತಿನದನ್ನು ಉಳಿಸಿದೆವು ಎಂದುಕೊಂಡಿದ್ದು ಎರಡು ವರ್ಷಕ್ಕೆ ಮುಗಿಯಿತು. ನಕ್ಷೆ ಹಳದಿಯಾಗಿಯೇ ಗಟ್ಟಿಯಾಯಿತು. ಸಾಲಿನ ಕೊನೆಯ ಎರಡು ಕಾರ್ಖಾನೆಗಳು ಮೊದಲು ಲೇಔಟಿಗೆ ಹೋದವು. ಅಲ್ಲಿ ಮನೆ ಕಟ್ಟಿಸಿದವರು ವಾಸಕ್ಕೆ ಬಂದ ಮೊದಲ ತಿಂಗಳಲ್ಲೇ ಧೂಳು, ಸದ್ದು ಎಂದು ದೂರು ಕೊಟ್ಟರು. ಅವರದೂ ತಪ್ಪಲ್ಲ, ಕೂಸುಗಳಿದ್ದವು. ನಾವು ಹೆದರಿ ತಪ್ಪಿಸಿಕೊಂಡಿದ್ದ ಆ ಬೀಗ ಆಗ ಬಿತ್ತು. ಈ ಸಲ ತೆಗೆಯುವ ಮಾತೇ ಇರಲಿಲ್ಲ. ನಮ್ಮ ಮಾಲಕರು ಒಂದು ವಾರವೂ ತಡೆಯದೆ ಜಾಗ ಮಾರಿದರು. ಚಿತ್ರ ಕೊರೆಯುವ ಮಷೀನನ್ನು ತಾಂಡೂರ ಕಡೆಯ ಯಾರೋ ತರಿಸಿದರು ಎಂದು ಕೇಳಿದೆವು. ಅಂಚು ಕೊಯ್ಯುವ ಮುದುಕ ಈ ಕೆಲಸ ಬಿಟ್ಟರೆ ಬೇರೆ ಅರಿಯದವನು. ಮಗನ ಜೊತೆ ತಿರುಗಿ ಚಿಂಚೋಳಿ ಕಡೆಗೆ ಹೋದ. ಹೋಗುವಾಗ ನಮ್ಮ ಮನೆಗೆ ಬಂದು ನೀರು ಕುಡಿದು ಹೋದ. ಅಕ್ಕ ಈಗ ನಾಲ್ಕು ಮನೆಗಳ ಪಾತ್ರೆ ತಿಕ್ಕುತ್ತಾಳೆ, ಅದರಲ್ಲಿ ಒಂದು ಮನೆ ನಮ್ಮ ಕಾರ್ಖಾನೆ ಇದ್ದ ಜಾಗದಲ್ಲಿಯೇ ಇದೆ. ಅಲ್ಲಿಯ ನೆಲಕ್ಕೆ ಟೈಲ್ಸ್ ಹಾಕಿದ್ದಾರೆ.

ಹುಡುಗಿ ಸೇಡಂ ಕಡೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಕ್ಯಾಂಟೀನಿನಲ್ಲಿ ಊಟದ ಚೀಟಿ ಹರಿದುಕೊಡುವ ಕೆಲಸಕ್ಕೆ ಸೇರಿದಳು. ವಾಡಿಯಲ್ಲಿ ಗಾಡಿ ಬದಲಿಸಿ ಹೋಗಬೇಕು. ಚೀಟಿ ಬರೆದವಳ ಮನೆಯಲ್ಲಿ ಚೀಟಿ ಹರಿಯುವವಳು ಎಂದು ಒಮ್ಮೆ ತಮಾಷೆ ಮಾಡಲು ಹೋದೆ. ಅವಳು ನಗಲಿಲ್ಲ. ಗೋಡೆಯ ಚಿತ್ರಗಳನ್ನು ಯಾವಾಗ ತೆಗೆದಳೋ ನಾನು ಕಾಣೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳಿಗೆ ಐಟಿಐ ಸರ್ಟಿಫಿಕೇಟ್ ಬೇಕಾಯಿತು. ಗುತ್ತಿಗೆದಾರ ಬದಲಾಗಿದ್ದ, ಹೊಸಬ ಎಲ್ಲರ ಕಾಗದ ಕೇಳಿದ್ದ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು, ಗಾಡಿಗೆ ಹೊತ್ತಾಗಿತ್ತು. ಪೆಟ್ಟಿಗೆಯಲ್ಲಿದ್ದ ಅವಳ ಫೈಲನ್ನು ನಾನು ತೆಗೆದೆ. ಸರ್ಟಿಫಿಕೇಟಿನ ಕೆಳಗೆ ಚೌಕಳಿ ಹಾಳೆಯೊಂದು ಇತ್ತು. ಚಿತ್ರವಿರಬೇಕು ಎಂದು ಬಿಡಿಸಿ ನೋಡಿದೆ. ಅವಳ ಮುತ್ತಿನಂಥ ಅಕ್ಷರ. ಮಾನ್ಯರೇ ಎಂದು ಶುರುವಾಗಿತ್ತು. ನಾನು ಅಂದು ಭಯದಿಂದ ಸುಳ್ಳು ಹೇಳಿದ್ದೆನು, ಕಾರ್ಖಾನೆ ಅಂದೂ ಇಂದೂ ನಡೆಯುತ್ತಿದೆ, ಈ ಜಾಗವನ್ನು ನಮ್ಮ ಮಕ್ಕಳ ಕೆಲಸಕ್ಕಾಗಿ ಉಳಿಸಿಕೊಡಬೇಕು ಎಂದಿತ್ತು. ಕೆಳಗೆ ನನ್ನ ಹೆಸರು. ಹೆಸರಿನ ಮೇಲೆ ಸಹಿಗೆ ಜಾಗ ಬಿಟ್ಟು, ಎಲ್ಲಿ ಮಾಡಬೇಕೆಂದು ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದಳು.

“ಇದು ಯಾವಾಗ ಬರದಿ?” ಎಂದೆ.

“ಕಚೇರಿಯಿಂದ ಬಂದ ದಿನಾನೇ.”

“ಯಾಕ ತೋರಿಸಲಿಲ್ಲ?”

“ನೀನಾಗೇ ಕೇಳ್ತಿ ಅಂತ ಕಾದೆ. ಹತ್ತು ದಿನಾನೂ ಕಾದೆ.”

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಕಪಾಟಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಹುಚ್ಚಿಯ ಹಾಗೆ, ಕೊಡು ಈಗ ಹಾಕ್ತೀನಿ ಎಂದೆ.

ಅವಳು ನನ್ನ ಕೈಯಿಂದ ಸರ್ಟಿಫಿಕೇಟನ್ನು ಮಾತ್ರ ತೆಗೆದುಕೊಂಡಳು. “ಈಗ ಹಾಕಿ ಯಾರಿಗೆ ಕೊಡ್ತಿ, ಚಿಗವ್ವಾ?” ಎಂದು, ಚಪ್ಪಲಿ ಮೆಟ್ಟಿ ಗಾಡಿಗೆ ಹೋದಳು.